ಅವ್ವನ ಜೊತೆ ತಾಂಬ್ಡಿ ಸುರ್ಲಾಕ್ಕೆ ಹೋದ ಶ್ರಾವಣ ಸೋಮವಾರ

ಅವ್ವ ಗೋವಾಕ್ಕೆ ಬಂದು 36 ವರ್ಷ ಆಯ್ತು. ಇಷ್ಟು ವರ್ಷದಲ್ಲಿ ತಾಂಬ್ಡಿ ಸುರ್ಲಾದ ಮಹಾದೇವನ ಗುಡಿಯನ್ನು ಒಂದು ಸಲವೂ ನೋಡಿರಲಿಲ್ಲ. ವಾಸ್ಕೋದಿಂದ ಹುಬ್ಬಳ್ಳಿಗೆ ಹೋಗುವಾಗೆಲ್ಲ ಮೊಲ್ಲೆಂ ಚೆಕ್‌ಪೋಸ್ಟ್‌ನಲ್ಲಿ ಬಸ್ಸು ನಿಲ್ಲುತ್ತದೆ, ಅಲ್ಲಿಂದ ಗುಡಿ 12–13 ಕಿಲೋಮೀಟರ್ ಅಷ್ಟೇ. ಆದರೆ ಊರಿಗೆ ಹೊರಟವರು ಯಾರು ಎಡಕ್ಕೆ ತಿರುಗುತ್ತಾರೆ? ಜಾತ್ರೆಗೋ, ಮದುವೆಗೋ, ಯಾರದೋ ಮಣ್ಣಿಗೋ ಓಡುವ ಅವಸರ.

ಈ ಸಲ ಶ್ರಾವಣದಲ್ಲಿ ಅವಳೇ ಬಾಯಿಬಿಟ್ಟು ಕೇಳಿದಳು. ಮದುವೆಗೆ ಮುಂಚೆ ಶ್ರಾವಣ ಸೋಮವಾರ ಬಂತೆಂದರೆ ಓರಗೆಯ ಹುಡುಗಿಯರ ಜೊತೆ ಲಕ್ಕುಂಡಿಗೆ ನಡೆದು ಹೋಗಿ, ಈಶ್ವರನಿಗೆ ಪತ್ರಿ ಏರಿಸಿ ಬರುತ್ತಿದ್ದಳಂತೆ. ಈಗ ಮೊಣಕಾಲು ಸೋತಿವೆ. ಗದಗಿನ ತನಕ ಬಸ್ಸಿನಲ್ಲಿ ಕೂತು ಹೋಗಿ ಬರುವುದು ಆಗುವುದಿಲ್ಲ. "ಇಲ್ಲೇ ಎಲ್ಲೆರ ಹಳೇ ಈಶ್ವರನ ಗುಡಿ ಐತೇನ? ಕಲ್ಲಿಂದು ಇರಬೇಕ ನೋಡು, ಬಣ್ಣಾ ಬಳದದ್ದು ಬ್ಯಾಡ" ಅಂದಳು.

ತಮ್ಮನ ಓಮ್ನಿ ಗಾಡಿಯಲ್ಲಿ ಬೆಳಿಗ್ಗೆ ಆರಕ್ಕೆ ಜುವಾರಿ ನಗರ ಬಿಟ್ಟೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬುತ್ತಿ ಕಟ್ಟಿಕೊಂಡಿದ್ದೆ. ಅವ್ವನ ಮಡಿಲಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರಿ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು.

ಕೊರ್ತಾಲಿಂ ದಾಟುವಾಗ ಅವ್ವನಿಗೆ ಹೇಳಿದೆ, ಪೋಂಡಾ ದಾರಿಯಲ್ಲಿ ನಾವು ಕೈಮುಗಿಯುವ ಮಂಗೇಶಿ ದೇವರು ಮೊದಲು ಇದೇ ಊರಲ್ಲಿ ಇದ್ದದ್ದು ಅಂತ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, ಕೆಲವೇ ದಶಕಗಳಲ್ಲಿ ಕಡಲ ಕಡೆಯ ಗುಡಿಗಳನ್ನೆಲ್ಲ ಕೆಡವತೊಡಗಿದರು, ಆಗ 1560ರಲ್ಲಿ ಭಕ್ತರು ಲಿಂಗವನ್ನು ಎತ್ತಿಕೊಂಡು ಹೊಳೆ ದಾಟಿ ಪ್ರಿಯೋಳಕ್ಕೆ ಹೋದರು. ಅವ್ವ ಕಿಟಕಿಯ ಆಚೆ ಸ್ವಲ್ಪ ಹೊತ್ತು ನೋಡಿದಳು. "ದೇವರೂ ಊರ ಬಿಟ್ಟಾನ ಹಂಗಾರ" ಅಂದಳು.

ತಾಂಬ್ಡಿ ಸುರ್ಲಾದ ಗುಡಿ ಉಳಿದದ್ದು ಅದು ಇರುವ ಜಾಗದಿಂದ. ಘಟ್ಟದ ಬುಡ, ಸುತ್ತ ದಟ್ಟ ಕಾಡು. ಆ ಸೀಮೆ ಪೋರ್ಚುಗೀಸರ ಕೈಗೆ ಹೋದದ್ದೇ 18ನೆಯ ಶತಮಾನದಲ್ಲಿ, ಅಷ್ಟು ಹೊತ್ತಿಗೆ ಗುಡಿ ಕೆಡವುವ ಆ ಹಟ ಇರಲಿಲ್ಲ. ಗೋವಾದ ಕದಂಬರ ಕಾಲದ ಗುಡಿ ಹೆಚ್ಚುಕಡಿಮೆ ಪೂರ್ತಿ ನಿಂತಿರುವುದು ಇಡೀ ಗೋವಾದಲ್ಲಿ ಇದೊಂದೇ.

ಮೊಲ್ಲೆಂನಲ್ಲಿ ಎಡಕ್ಕೆ ತಿರುಗಿದ ಮೇಲೆ ದಾರಿ ಚಿಕ್ಕದಾಯಿತು. ಗದ್ದೆ, ಅಡಿಕೆ ತೋಟ, ಮತ್ತೆ ಕಾಡು. ಗಾಡಿ ನಿಲ್ಲಿಸಿ ಇಳಿದಾಗ ಮೊದಲು ಕೇಳಿಸಿದ್ದು ಹೊಳೆಯ ಸದ್ದು. ಮಳೆಗಾಲದ ಕೆಂಪು ನೀರು, ಗುಡಿಯ ಪಕ್ಕದಲ್ಲೇ ಹರಿಯುತ್ತದೆ. ಆಮೇಲೆ ಮರಗಳ ನಡುವೆ ಗುಡಿ ಕಂಡಿತು. ತೀರಾ ಚಿಕ್ಕದು. ಮಳೆಯಲ್ಲಿ ತೊಯ್ದು ಕರಿ ಎಮ್ಮೆಯ ಮೈಯ ಹಾಗೆ ಹೊಳೆಯುತ್ತಿತ್ತು. ಶಿಖರದ ತುದಿ ಪೂರ್ತಿ ಆಗಿಲ್ಲ, ಅದಕ್ಕೇ ಇರಬೇಕು, ಇನ್ನೂ ಕೆಲಸ ನಡೆದಿದೆ, ಶಿಲ್ಪಿಗಳು ಊಟಕ್ಕೆ ಹೋಗಿದ್ದಾರೆ ಅನ್ನಿಸುವ ಹಾಗೆ ಇದೆ.

ಅವ್ವ ನಿಂತುಬಿಟ್ಟಳು. "ಯವ್ವಾ, ಇದು ನಮ್ಮ ಕಡೀ ಗುಡೀನ ಅಲ್ಲೇನ!"

ಹೌದು. ಗೋವಾದ ಬೇರೆ ಗುಡಿಗಳ ಗುಮ್ಮಟ ಇಲ್ಲ, ದೀಪಸ್ತಂಭ ಇಲ್ಲ, ಸುಣ್ಣಬಣ್ಣ ಇಲ್ಲ. ಗರ್ಭಗುಡಿ, ಅಂತರಾಳ, ಕಂಬಗಳ ಮಂಟಪ, ಮೂರೇ. ಲಕ್ಕುಂಡಿ ನೋಡಿದವರಿಗೆ ಗುರುತು ಹಿಡಿಯಲು ಒಂದು ಕ್ಷಣ ಸಾಕು. ಅದರಲ್ಲಿ ಆಶ್ಚರ್ಯವೂ ಇಲ್ಲ. ಗೋವಾ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿ ಕದಂಬರ ಎರಡನೆಯ ಜಯಕೇಶಿಗೆ ಹೆಂಡತಿಯಾಗಿ ಬಂದವಳು. ಘಟ್ಟದ ಮೇಲೆ ಖಾನಾಪುರದ ಹತ್ತಿರದ ಹಲಸಿಯೂ ಅವರದೇ ರಾಜಧಾನಿ. ಘಟ್ಟದ ಮೇಲೆ, ಕೆಳಗೆ ಅನ್ನುವ ಈಗಿನ ಗೆರೆ ಆಗ ಇರಲಿಲ್ಲ.

ಒಳಗೆ ಹೋದೆವು. ಅರೆಗತ್ತಲು, ತಣ್ಣಗೆ, ಬಾವಲಿಯ ವಾಸನೆ. ಮಂಟಪದ ನಡುವೆ ಬಸವಣ್ಣ ಕೂತಿದ್ದಾನೆ, ತಲೆ ಇಲ್ಲ. ಯಾವಾಗ ಒಡೆಯಿತೋ. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಅವ್ವ ಮಾತ್ರ ಹಿಂದೆಮುಂದೆ ನೋಡಲಿಲ್ಲ. ಬಸವಣ್ಣನ ಬೆನ್ನಿಗೆ ಕೈ ಇಟ್ಟು ಕೊರಳ ತನಕ ಸವರಿದಳು, ಹಟ್ಟಿಯಲ್ಲಿ ಎತ್ತನ್ನು ಸವರುವ ಹಾಗೇ. ಕೊರಳು ಮುಗಿಯುವ ಕಡೆ ಕಲ್ಲು ಒರಟಾಗಿದೆ, ಅಲ್ಲಿ ಒಂದು ದಾಸವಾಳ ಇಟ್ಟಳು. ಆಮೇಲೆ ಒಳಗಿನ ಲಿಂಗಕ್ಕೆ ಪತ್ರಿ ಕೊಟ್ಟು, ಹೊಸ್ತಿಲ ಹತ್ತಿರ ಅಡ್ಡ ಬಿದ್ದಳು. ಮೊಣಕಾಲು ನೋವು ಇದ್ದವಳು ಹೇಗೆ ಬಗ್ಗಿದಳೋ ನನಗೆ ತಿಳಿಯಲಿಲ್ಲ. ಏಳುವಾಗ ತಮ್ಮ ಕೈಹಿಡಿದ.

ಒಂದು ಕಂಬದ ಬುಡದಲ್ಲಿ ಆನೆಯೊಂದು ಕುದುರೆಯನ್ನು ತುಳಿಯುತ್ತಿರುವ ಕೆತ್ತನೆ ಇದೆ. ಮೇಲೆ ಚಾವಣಿಯಲ್ಲಿ ಅರಳಿದ ಕಮಲ. ನಾನು ಅವುಗಳ ಫೋಟೋ ತೆಗೆಯುತ್ತಿದ್ದೆ. ಅವ್ವ ಅದನ್ನು ನೋಡಲೇ ಇಲ್ಲ. ಹೊರಗೆ ಹೋಗಿ ಗೋಡೆಯ ಮುಂದೆ ನಿಂತು, ಎರಡು ಕಲ್ಲು ಕೂಡುವ ಸಂದಿಯಲ್ಲಿ ಉಗುರು ಆಡಿಸುತ್ತಿದ್ದಳು. ಉಗುರು ಇಳಿಯಲಿಲ್ಲ.

"ಗಾರೀನ ಇಲ್ಲ ನೋಡು ನಡುವ. ಬರೀ ಕಲ್ಲಿನ ಮ್ಯಾಲ ಕಲ್ಲು."

ಇದನ್ನು ಹೇಳಲೇಬೇಕು. ಅವ್ವ ಇಲ್ಲಿಗೆ ಬಂದದ್ದು ಗಾರೆ ಕೆಲಸಕ್ಕೆ. ವಾಸ್ಕೋ, ಮಡಗಾಂವ್ ಕಡೆ ಎಷ್ಟು ಮನೆಗಳ ಮೇಲ್ಛಾವಣಿಗೆ ಬಾಂಡ್ಲಿ ಹೊತ್ತಿದ್ದಾಳೋ ಅವಳಿಗೇ ಲೆಕ್ಕ ಇಲ್ಲ. ಕೊಂಕಣ ರೈಲ್ವೆ ಹಳಿ ಹಾಕುವಾಗ ಎರಡು ವರ್ಷ ಜಲ್ಲಿ ಹೊತ್ತಿದ್ದಾಳೆ. ಅವಳ ನೆತ್ತಿಯಲ್ಲಿ ಸಿಂಬಿ ಇಡುವ ಜಾಗದಲ್ಲಿ ಕೂದಲು ಈಗಲೂ ತೆಳ್ಳಗಿದೆ. ಗೋಡೆ ನೆಟ್ಟಗೆ ಇದೆಯೋ ಇಲ್ಲವೋ ಅವಳು ದೂರದಿಂದಲೇ ಹೇಳುತ್ತಾಳೆ. ನಾನು ಶಿಲ್ಪ ನೋಡಿದ್ದೆ, ಅವಳು ಕೆಲಸ ನೋಡಿದಳು.

ಇದು ಕರಿಕಲ್ಲು, ಗೋವಾದ ಈ ಕಡೆಯ ಮನೆಗಳಿಗೆ ಬಳಸುವ ಕೆಂಪು ಜಂಬಿಟ್ಟಿಗೆ ಅಲ್ಲ, ಘಟ್ಟದ ಮೇಲಿನಿಂದ ತಂದದ್ದು ಎಂದು ಹೇಳುತ್ತಾರೆ ಅಂದೆ. ಅವ್ವ ತಿರುಗಿ ಘಟ್ಟದ ಕಡೆ ನೋಡಿದಳು. ಮೋಡ ಮುಚ್ಚಿ ಬೆಟ್ಟ ಅರ್ಧವೇ ಕಾಣುತ್ತಿತ್ತು.

"ಇಷ್ಟ ದೊಡ್ಡ ಕಲ್ಲು ಅಲ್ಲಿಂದ ಇಳಿಸಾಕ ಎಷ್ಟ ಮಂದಿ ಬೇಕಾತು. ಯಾರ ಹೊತ್ತರೋ, ಯಾರ ಬಿದ್ದರೋ. ಅವರ ಹೆಸರ ಬರದಾರೇನ ಇಲ್ಲಿ?"

ಇಲ್ಲ ಅವ್ವ ಅಂದೆ. ರಾಜರ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಹೇಳಲು ಮನಸ್ಸಾಗಲಿಲ್ಲ. ಅವಳು ಗೋಡೆಗೆ ಅಂಗೈ ಒತ್ತಿ ತುಂಬಾ ಹೊತ್ತು ನಿಂತಳು, ಆಮೇಲೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಗೋವಾದಲ್ಲಿ ನಮ್ಮನ್ನು ಘಾಂಟಿಗಳು ಅನ್ನುತ್ತಾರೆ, ಘಟ್ಟದ ಮೇಲಿನವರು ಅಂತ. ಎಲ್ಲರೂ ಅಲ್ಲ, ಎಷ್ಟೋ ಜನ ಒಳ್ಳೆಯವರು ಇದ್ದಾರೆ. ಆದರೆ ನನಗೆ ಒಂಬತ್ತು ವರ್ಷ ಇದ್ದಾಗ ಒಂದು ಬಾಡಿಗೆ ಮನೆಯ ಬಾಗಿಲಲ್ಲಿ ಆ ಮಾತು ಕೇಳಿದ್ದು, ಅವ್ವ ಏನೂ ಅನ್ನದೆ ನನ್ನ ಕೈಹಿಡಿದು ಮೆಟ್ಟಿಲು ಇಳಿದದ್ದು ಮರೆತಿಲ್ಲ. ಆ ಗೋಡೆಯ ಹತ್ತಿರ ಅವಳು ನಿಂತಿರುವುದನ್ನು ನೋಡಿ ನನಗೆ ಅಳು ಬಂತು. ಘಟ್ಟ ಇಳಿದು ಬಂದ ಕಲ್ಲು ಅದು, ಇಲ್ಲೇ ಎಂಟುನೂರು ವರ್ಷದಿಂದ ನಿಂತಿದೆ.

ಹೊಳೆಗೆ ಇಳಿಯುವ ಮೆಟ್ಟಿಲ ಹತ್ತಿರ ಅಲ್ಲಿಯದೇ ಊರಿನ ಅಜ್ಜಿಯೊಬ್ಬರು ಸಿಕ್ಕರು. ಅವ್ವ ಅವರ ಜೊತೆ ಕೊಂಕಣಿಯಲ್ಲಿ ಮಾತಿಗೆ ಕೂತಳು. ಶಿವರಾತ್ರಿಗೆ ಬನ್ನಿ, ಜಾತ್ರೆ ಆಗುತ್ತದೆ ಅಂದರು ಅಜ್ಜಿ. ನಮ್ಮ ರೊಟ್ಟಿಯಲ್ಲಿ ಒಂದು ತಗೊಂಡು, ಚಟ್ನಿ ಖಾರ ಅಂತ ಬಾಯಿ ಊದಿಕೊಂಡು, ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡರು.

ವಾಪಸ್ ಬರುವಾಗ ಮೊಲ್ಲೆಂನಲ್ಲಿ ಚಹಾ ಕುಡಿಯಲು ನಿಂತೆವು. ಸರಕಾರಿ ಬಸ್ಸೊಂದು ಬಂದು ನಿಂತಿತು. ಅವ್ವನಿಗೆ ಓದಲು ಬರುವುದಿಲ್ಲ. ಅದರ ಮೇಲೆ ಬರೆದಿರುವುದು ಕದಂಬ ಅಂತ, ನಾವು ನೋಡಿಬಂದ ಗುಡಿಯ ಕಾಲದ ರಾಜರದೇ ಹೆಸರು, 1980ರಲ್ಲಿ ಬಸ್ ಕಂಪನಿ ಶುರು ಮಾಡಿದಾಗ ಇಟ್ಟದ್ದು ಅಂತ ಹೇಳಿದೆ.

"ಕದಂಬಾ, ಕದಂಬಾ ಅಂತ ನಾನೂ ಅಂತೇನಿ ದಿನಾ. ಇವರದೇನ ಅದು?" ಅಂದಳು. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಗುವ ತನಕ ಲೋಟ ಹಿಡಿದುಕೊಂಡೇ ನೋಡಿದಳು, ಚಹಾ ಆರಿಹೋಯಿತು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಅವಳು ಮೊದಲು ಮಾಡಿದ್ದು ಉಳಿದ ಪತ್ರಿ ಹಿಡಿದುಕೊಂಡು ಓಣಿಯ ಮನೆಮನೆಗೆ ಹೋದದ್ದು. ಬಾಗಲಕೋಟೆಯವರು, ಕುಷ್ಟಗಿಯವರು, ಸವಣೂರಿನವರು, ಯಾರೂ ಆ ಗುಡಿ ನೋಡಿರಲಿಲ್ಲ. ಮುಂದಿನ ಸೋಮವಾರಕ್ಕೆ ತಮ್ಮನ ಗಾಡಿಯಲ್ಲಿ ಈಗಲೇ ಏಳು ಜನ ಆಗಿದ್ದಾರೆ.