ಎಲ್ಲ ಸ್ಟೇಷನ್‌ಗೂ ನಿಲ್ಲುವ ಬುಲೆಟ್ ಟ್ರೈನು

ಟೋಕಿಯೊದಿಂದ ಕಾಕೆಗಾವಾಗೆ ಹೋಗಬೇಕಿತ್ತು. ಚಹಾ ತೋಟಗಳ ಊರು ಅದು. ಈ ಲೈನಿನ ಅತಿ ವೇಗದ ಬುಲೆಟ್ ಟ್ರೈನು ನೊಝೊಮಿ ಅಲ್ಲಿ ನಿಲ್ಲುವುದೇ ಇಲ್ಲ, ಶಿನ್-ಯೊಕೊಹಾಮಾ ಬಿಟ್ಟರೆ ಸೀದಾ ನಗೋಯಾ. ಹಾಗಾಗಿ ಕೊಡಾಮಾ ಹತ್ತಿದೆ. ಟೋಕಿಯೊದಿಂದ ಶಿನ್-ಒಸಾಕಾವರೆಗಿನ 17 ಸ್ಟೇಷನ್‌ಗಳಲ್ಲಿ ಒಂದನ್ನೂ ಬಿಡದೆ ನಿಲ್ಲುವ ಶಿಂಕಾನ್ಸೆನ್, ಅಂದರೆ ಬುಲೆಟ್ ಟ್ರೈನು, ಇದು. ನೊಝೊಮಿ ಎರಡೂವರೆ ಗಂಟೆಯಲ್ಲಿ ಮುಟ್ಟುವ ಕಡೆಗೆ ಇದು ಹತ್ತಿರ ಹತ್ತಿರ ನಾಲ್ಕು ಗಂಟೆ ತಗೊಳ್ಳುತ್ತದೆ.

ಹಾಗಂತ ಗಾಡಿಯೇನೂ ನಿಧಾನ ಅಲ್ಲ. ಅದೇ 16 ಬೋಗಿ, ಗಂಟೆಗೆ ಅದೇ 285 ಕಿ.ಮೀ. ಓಡುವ ತಾಕತ್ತು. ಸಮಯ ಹೋಗುವುದು ಬರೀ ನಿಲ್ಲುವುದರಲ್ಲಲ್ಲ, ಹಿಂದಿನಿಂದ ಬರುವ ವೇಗದ ಗಾಡಿಗಳಿಗೆ ದಾರಿ ಬಿಡುವುದರಲ್ಲೂ. ನಮ್ಮ ಕಡೆ ಪ್ಯಾಸೆಂಜರ್ ಗಾಡಿ ಎಕ್ಸ್‌ಪ್ರೆಸ್‌ಗಾಗಿ ಕಾಯುತ್ತದಲ್ವಾ, ಹಾಗೇ. ಆದರೆ ಇಲ್ಲಿ ಆ ನಾಲ್ಕೈದು ನಿಮಿಷ ಟೈಮ್‌ಟೇಬಲ್‌ನಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ.

ಶಿನ್-ಫುಜಿಯಲ್ಲಿ ಇದನ್ನು ಸರಿಯಾಗಿ ನೋಡಿದೆ. ನಾನು ಬಲಗಡೆ ಕಿಟಕಿಯಲ್ಲಿ ಕೂತಿದ್ದೆ, ಎದುರಿಗೆ ಫುಜಿ ಬೆಟ್ಟ. ಪ್ಲಾಟ್‌ಫಾರ್ಮ್ ಎಡಕ್ಕೆ, ನಿಲ್ಲದ ಗಾಡಿಗಳ ಹಳಿ ನಮಗೂ ಬೆಟ್ಟಕ್ಕೂ ನಡುವೆ. ಇದ್ದಕ್ಕಿದ್ದಂತೆ ನಮ್ಮ ಬೋಗಿಯನ್ನು ಯಾರೋ ಪಕ್ಕದಿಂದ ನೂಕಿದ ಹಾಗೆ ಅಲುಗಿತು, ಬೆಟ್ಟದ ಮೇಲೆ ಒಂದು ಬಿಳಿ ಪಟ್ಟೆ ಎಳೆದುಹೋಯಿತು, ಅಷ್ಟರಲ್ಲಿ ನೊಝೊಮಿ ಇಲ್ಲವೇ ಇಲ್ಲ. ನನಗೆ ಮೈ ಜುಮ್ಮೆಂದಿತು. ಪಕ್ಕದವರು ಪೇಪರ್‌ನಿಂದ ತಲೆಯನ್ನೂ ಎತ್ತಲಿಲ್ಲ.

ಓದಾವಾರಾ, ಅತಾಮಿ, ಮಿಶಿಮಾ ಎಲ್ಲ ಕಡೆ ಹತ್ತುವವರು, ಇಳಿಯುವವರು ಇದ್ದೇ ಇದ್ದರು. ಶಿಝುವೊಕಾ ಪ್ರಾಂತ್ಯದಲ್ಲಿ ಆರು ಶಿಂಕಾನ್ಸೆನ್ ಸ್ಟೇಷನ್‌ಗಳಿವೆ, ಒಂದರಲ್ಲೂ ನೊಝೊಮಿ ನಿಲ್ಲಲ್ಲ. ಈ ಊರುಗಳಿಗೆ ಮುಖ್ಯ ಆಧಾರ ಕೊಡಾಮಾ.

ಕಾಕೆಗಾವಾ ಕಥೆ ನನಗೆ ತುಂಬಾ ಇಷ್ಟ. 1964ರಲ್ಲಿ ಲೈನ್ ಶುರುವಾದಾಗ ಅಲ್ಲಿ ಶಿಂಕಾನ್ಸೆನ್ ಸ್ಟೇಷನ್ನೇ ಇರಲಿಲ್ಲ, ಗಾಡಿಗಳು ಊರು ದಾಟಿ ಓಡಿಹೋಗುತ್ತಿದ್ದವು. ನಮಗೂ ಬೇಕು ಅಂತ ಊರಿನವರು ಪಟ್ಟು ಹಿಡಿದರು, ತಾವೇ ದೇಣಿಗೆ ಕೊಟ್ಟರು, 1988ರ ಮಾರ್ಚ್‌ನಲ್ಲಿ ಸ್ಟೇಷನ್ ಬಂತು. ಬೇಗ ಹೋಗುವ ಗಾಡಿಗಾಗಿ ಅಲ್ಲ, ನಿಲ್ಲುವ ಗಾಡಿಗಾಗಿ ಕೈಯಿಂದ ದುಡ್ಡು ಹಾಕಿದ ಜನ.

ಇದೇ ಶಿಂಕಾನ್ಸೆನ್ ತಂತ್ರಜ್ಞಾನ ನಂಬಿ ನಾವು ಮುಂಬೈ–ಅಹಮದಾಬಾದ್ ಮಧ್ಯೆ 508 ಕಿ.ಮೀ. ಲೈನ್ ಕಟ್ಟುತ್ತಿದ್ದೇವೆ, 12 ಸ್ಟೇಷನ್. ಮಾತೆಲ್ಲ ಮುಂಬೈಯಿಂದ ಅಹಮದಾಬಾದಿಗೆ ಎಷ್ಟು ಹೊತ್ತು ಅನ್ನುವುದರ ಬಗ್ಗೆಯೇ. ನಡುವಿನ ಬಿಲಿಮೋರಾ, ಆಣಂದ್ ಸ್ಟೇಷನ್‌ಗಳಲ್ಲಿ ದಿನಕ್ಕೆ ಎಷ್ಟು ಗಾಡಿ ನಿಲ್ಲುತ್ತವೆ ಅಂತ ನಾನಂತೂ ಮೊದಲು ಕೇಳುತ್ತೇನೆ.