ಉಂಡು ಬಂದು ಓದುವವರು

ಕಾಕು ಹೇಳಿದ ಒಂದು ಮಾತು ಈ ವಾರವೆಲ್ಲ ತಲೆಯಿಂದ ಹೋಗಲೇ ಇಲ್ಲ. ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತಿರುವಾಗ, ಆಫೀಸಿನಲ್ಲಿ ಬಿಲ್ಲು ನೋಡುವಾಗ, ರಾತ್ರಿ ಕುಕ್ಕರ್ ಇಡುವಾಗ, ಮತ್ತೆ ಮತ್ತೆ ಅದೇ.

"ಇಂವಗ ಹಸಿವಿ ಆಗಿಲ್ಲ ನೋಡವಾ. ಉಂಡು ಬಂದು ಓದ್ಲಿಕ್ಕೆ ಹತ್ಯಾನ."

ಕಾಕು ನಮ್ಮ ಕೆಳಗಿನ ಮನೆಯವರು. ಧಾರವಾಡದ ಕಡೆಯವರು. ಬಿಲ್ಡಿಂಗಿನ ಮರಾಠಿ ಮಕ್ಕಳಿಗೂ ಅವರು ಕಾಕು, ಮಲೆನಾಡಿನಿಂದ ಬಂದ ನನಗೂ ಕಾಕು. ಎಂಬತ್ತು ದಾಟಿದೆ. ಕಣ್ಣಿನ ಒಳಪರದೆಯ ನಡುಭಾಗ, ಮ್ಯಾಕ್ಯುಲಾ ಅನ್ನುತ್ತಾರಲ್ಲ, ಅದು ಸವೆದು ಎರಡೂ ಕಣ್ಣಿನ ನಡುಭಾಗದ ನೋಟ ಹೋಗಿದೆ. ನಾನು ಎದುರಿಗೆ ಕೂತರೆ ನನ್ನ ಹಿಂದಿನ ಕಿಟಕಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಪುಸ್ತಕದ ಅಂಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. 'ಕಸ್ತೂರಿ', 'ಮಯೂರ' ಬಂದ ದಿನವೇ ಓದಿ ಮುಗಿಸುತ್ತಿದ್ದ ಹೆಂಗಸು. ಹಾಗಾಗಿ ಈಗ ಭಾನುವಾರ ಮಧ್ಯಾಹ್ನ ನಾನು ಆಡಿಯೊಬುಕ್ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತೇನೆ. ಇಬ್ಬರೂ ಕೂತು ಕೇಳುತ್ತೇವೆ.

ಅವತ್ತಿನ ಕತೆಯ ಹೆಸರು ಬೇಡ, ಓದಿದವರ ಹೆಸರೂ ಬೇಡ. ಊರು ಬಿಟ್ಟು ಮುಂಬಯಿಗೆ ಬಂದ ಹುಡುಗನ ಕತೆ. ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಮೊದಲ ದಿನ. ತನಗೆ ಊಟ ಯಾವಾಗ ಅಂತ ಯಾರನ್ನು ಕೇಳಬೇಕೋ ಗೊತ್ತಿಲ್ಲ. ಗಿರಾಕಿಯೊಬ್ಬ ಅರ್ಧ ಇಡ್ಲಿ ಬಿಟ್ಟು ಎದ್ದಿದ್ದಾನೆ. ಹುಡುಗ ಆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾನೆ. ದೃಶ್ಯ ಅಷ್ಟೇ. ಬರೆದವರು ಕಣ್ಣೀರಿನ ಮಾತನ್ನೇ ಎತ್ತಿಲ್ಲ. ತಟ್ಟೆ, ಇಡ್ಲಿ, ಒದ್ದೆ ನೆಲ, ನಲ್ಲಿ. ಅವರ ಕೆಲಸ ಮುಗಿದಿದೆ.

ಓದಿದವರು ಅಷ್ಟಕ್ಕೆ ಬಿಡಲಿಲ್ಲ. 'ಅರ್ಧ ಇಡ್ಲಿ' ಎನ್ನುವಾಗ ದನಿ ನಡುಗಿಸಿದರು. ಗಂಟಲು ಕಟ್ಟಿದ ಹಾಗೆ ಮಾಡಿದರು. ಹಿಂದಿನಿಂದ ಪಿಟೀಲು ಬೇರೆ ಎದ್ದಿತು. ಕಾಕು ಕೈ ಎತ್ತಿದರು. ನಿಲ್ಲಿಸು ಅಂತ. ಆಮೇಲೆ ಆ ಮಾತು ಹೇಳಿದರು. ಅದರ ಹಿಂದೆಯೇ ಇನ್ನೊಂದು:

"ಹಸದಾಂವ ಹಿಂಗ ಅಳೂದಿಲ್ಲವಾ. ಮಾತ ಕಮ್ಮಿ ಮಾಡ್ತಾನ."

ಇದನ್ನು ಹೇಳುವ ಹಕ್ಕು ಅವರಿಗಿದೆ. ಅವರ ಯಜಮಾನರು ಲೋವರ್ ಪರೇಲಿನ ಬಟ್ಟೆ ಗಿರಣಿಯಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದರು. 1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತಲ್ಲ, ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದದ್ದು. ಅದು ಇಂಥ ದಿನ ಮುಗಿಯಿತು ಅಂತ ಯಾರೂ ಘೋಷಿಸಲೇ ಇಲ್ಲ. ಗಿರಣಿಗಳೇ ಒಂದೊಂದಾಗಿ ಮುಚ್ಚಿದವು. ಈಗ ಆ ಜಾಗದಲ್ಲಿ ಮಾಲ್ ಇವೆ, ಗಾಜಿನ ಆಫೀಸುಗಳಿವೆ. ಆಗ ಚಾಳಿನ ಒಂದೇ ಖೋಲಿಯಲ್ಲಿ ಕಾಕು ಹಪ್ಪಳ ಲಟ್ಟಿಸಿ ಮನೆ ನಡೆಸಿದರು.

"ನಮ್ಮ ಸಣ್ಣಾಂವ ದಿನಾ ಭಕ್ರಿ ಸಲುವಾಗಿ ಜಗಳಾ ತಗೀತಿದ್ದ. ಆವಾಗ ಕೇಳೂದ ಬಿಟ್ಟ. ತಾಟ ಹಾಕಿದ್ರ ಬರ್ತಿದ್ದ, ಇಲ್ಲಂದ್ರ ಗ್ಯಾಲರಿ ಒಳಗ ಹೋಗಿ ಕೂಡ್ತಿದ್ದ. ಅದನ್ನ ನೋಡೂದ ಜಾಸ್ತಿ ತ್ರಾಸ ಆಗ್ತಿತ್ತು."

ಇದನ್ನು ಅವರು ಹೇಳಿದ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳಿದ ಹಾಗೆ ಹೇಳಿದರು. ನನಗೆ ಆ ದನಿಯನ್ನು ಹಾಗೇ ರೆಕಾರ್ಡ್ ಮಾಡಿ ಆ ಕತೆ ಓದಿದವರಿಗೆ ಕಳಿಸಬೇಕು ಅನ್ನಿಸಿತು. ಸಿಟ್ಟಿನಿಂದಲ್ಲ. ಅವರು ಕೇಳಿದರೆ ಅವರಿಗೇ ಗೊತ್ತಾಗುತ್ತದೆ ಅಂತ.

ಹಾಗಂತ ನಿಜವಾಗಿಯೂ ಹಸಿದು ಬಂದು ಓದಿ ಅಂತ ಯಾರೂ ಹೇಳುವ ಹಾಗಿಲ್ಲ. ಸ್ಟುಡಿಯೊ ಮೈಕಿಗೆ ಹೊಟ್ಟೆ ಗುರ್ ಅನ್ನುವುದೂ ಕೇಳುತ್ತದೆ. ಅದಕ್ಕೇ ಓದುವವರು ಏನಾದರೂ ತಿಂದೇ ಕೂರುತ್ತಾರೆ. ಗಂಜಿ ಹಾಕಿದ ಕಾಟನ್ ಉಟ್ಟರೆ ಸರಬರ ಸದ್ದು. ಬಾಯಿ ಒಣಗಿದರೆ ನಾಲಿಗೆ ಚಟ್ ಚಟ್ ಅನ್ನುತ್ತದೆ. 'ಪ' ಜೋರಾಗಿ ಬಂದರೆ ಮೈಕಿಗೆ ಗಾಳಿ ಬಡಿಯುತ್ತದೆ. ತಪ್ಪಿದಲ್ಲಿಗೆ ವಾಪಸ್ ಹೋಗಿ ಅಲ್ಲಿಂದಲೇ ಮತ್ತೆ ಓದಬೇಕು. ನಮ್ಮ ಕಿವಿಗೆ ಬರುವ ಒಂದು ಗಂಟೆಗೆ ಅವರು ಅದರ ಎರಡರಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಮುಚ್ಚಿದ ಕೋಣೆಯಲ್ಲಿ ಕೂತಿರುತ್ತಾರೆ. ಇದು ಕಷ್ಟದ ಕೆಲಸ. ಇದಕ್ಕೆ ಒಳ್ಳೆಯ ಸಂಭಾವನೆ ಸಿಗಬೇಕು, ಹೆಸರು ಲೇಖಕರ ಹೆಸರಿನ ಪಕ್ಕದಲ್ಲೇ ದೊಡ್ಡದಾಗಿ ಬರಬೇಕು. ಇದನ್ನು ನಾನು ಯಾರ ಹತ್ತಿರ ಬೇಕಾದರೂ ವಾದಿಸುತ್ತೇನೆ. ಆದರೆ ಕಷ್ಟಪಟ್ಟರು ಎಂಬ ಕಾರಣಕ್ಕೆ ಪಿಟೀಲನ್ನು ಕ್ಷಮಿಸಲು ಆಗುವುದಿಲ್ಲ.

ಓದುವವರು ಕತೆಯ ಜೊತೆಗಿರಬೇಕು. ಕತೆಯ ಎದುರಿಗೆ ಬಂದು ನಿಂತರೆ ಕೇಳುವವರಿಗೆ ಏನೂ ಕಾಣುವುದಿಲ್ಲ. ನನ್ನ ತಕರಾರೆಲ್ಲ ಇಷ್ಟೇ.

ಚೆನ್ನಾಗಿ ಓದುವವರು ಇಲ್ಲವೇ? ಇದ್ದಾರೆ. ಒಂದು ದೊಡ್ಡ ಹಳೆಯ ಕಾದಂಬರಿಯನ್ನು ಒಬ್ಬ ಹೆಂಗಸು ಓದಿದ್ದಾರೆ. ಗಂಡಸಿನ ಮಾತಿಗೆ ದನಿ ದಪ್ಪ ಮಾಡುವುದಿಲ್ಲ, ಮುದುಕಿಗೆ ನಡುಗಿಸುವುದಿಲ್ಲ. ಒಂದು ಕಡೆ ಸೊಸೆ ನೀರು ಹೊತ್ತು ತಂದು ಕೊಡ ಇಳಿಸುತ್ತಾಳೆ. ಅತ್ತೆ ಬೀಗದ ಕೈ ಎಲ್ಲಿ ಅಂತ ಕೇಳುತ್ತಾಳೆ. ಓದಿದ ಈ ಹೆಂಗಸು ಮಾಡಿದ್ದು ಇಷ್ಟೇ: ಆ ಎರಡು ವಾಕ್ಯಗಳ ನಡುವೆ ಜಾಗ ಬಿಡಲಿಲ್ಲ. ಕೊಡ ಇಳಿಸಿದ ಸೊಸೆ ಉಸಿರು ತಗೊಳ್ಳುವ ಮೊದಲೇ ಪ್ರಶ್ನೆ ಬಂದು ಬಿತ್ತು. ಮುಲುಂಡ್ ದಾಟಿದ ರೈಲಿನಲ್ಲಿ, ಲೇಡಿಸ್ ಡಬ್ಬಿಯ ಆ ಗದ್ದಲದಲ್ಲಿ, ನನ್ನ ಉಸಿರೂ ಸಿಕ್ಕಿಕೊಂಡಿತು. ಆ ಮನೆಯಲ್ಲಿ ಸೊಸೆಯ ಪಾಡೇನು ಅಂತ ಲೇಖಕರು ಮುಂದೆ ಪುಟಗಟ್ಟಲೆ ಹೇಳುತ್ತಾರೆ. ನನಗೆ ಆಗಲೇ ಗೊತ್ತಾಗಿತ್ತು.

ಅವರು ಪುಸ್ತಕವನ್ನು ಮೊದಲು ಪೂರ್ತಿ ಓದಿಕೊಂಡೇ ಮೈಕಿನ ಮುಂದೆ ಕೂತಿದ್ದಾರೆ. ಇದು ಗೊತ್ತಾಗಿಬಿಡುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಅಲ್ವಾ. ಅವನು ಬಾಗಿಲು ತೆರೆದು, ಒಳಗೆ ಇಣುಕಿ, ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ, ಚಪ್ಪಲಿಯನ್ನೂ ಬಿಡದೆ, ಹಾಗೇ ಹೊರಟುಹೋದ. ಆ 'ಹೊರಟುಹೋದ' ಬರುವ ತನಕ ದನಿ ಇಳಿಯಬಾರದು. ವಾಕ್ಯ ಎಲ್ಲಿಗೆ ಹೋಗುತ್ತಿದೆ ಅಂತ ಓದುವವರಿಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದವರು 'ಇಣುಕಿ' ಹತ್ತಿರವೇ ಇಳಿಸಿಬಿಡುತ್ತಾರೆ. ಮತ್ತೆ ಏರಿಸುತ್ತಾರೆ. ಕೇಳುವವರ ಮನಸ್ಸು ಅಲ್ಲೇ ಎಡವುತ್ತದೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಕಾಕುವಿನ ಸೀಮೆಯ ಮಾತು ಕತೆಯಲ್ಲಿ ಬಂದ ಕೂಡಲೇ ಕೆಲವರು ಸಿನಿಮಾದ ಕಾಮಿಡಿ ದನಿಗೆ ಜಾರುತ್ತಾರೆ. ಎಲ್ಲ 'ರೀ'ಗಳನ್ನೂ ಎಳೆಯುತ್ತಾರೆ, ಎಲ್ಲ ಮಾತನ್ನೂ ಕೂಗಿ ಹೇಳುತ್ತಾರೆ. ಮಗ ಸತ್ತ ಸುದ್ದಿ ಹೇಳುವ ತಂದೆಯ ಮಾತನ್ನೂ ಹಾಗೇ ಓದಿದ್ದನ್ನು ಕೇಳಿದ್ದೇನೆ. "ನಾವು ಹಿಂಗ ಒದರ್ತೀವೇನು?" ಅಂತ ಕಾಕು ಕೇಳಿದರು. ಇಲ್ಲ ಕಾಕು, ನೀವು ಹಾಗೆ ಮಾತಾಡುವುದೇ ಇಲ್ಲ. ಆ ಸೀಮೆಯ ಕತೆಯನ್ನು ಆ ಸೀಮೆಯವರೇ ಓದಲಿ. ಹುಬ್ಬಳ್ಳಿಯಲ್ಲಿ, ಕಲಬುರಗಿಯಲ್ಲಿ, ಕುಂದಾಪುರದಲ್ಲಿ ಓದುವವರಿಗೆ ಬರವೇ? ರಂಗಭೂಮಿಯವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ತಾಳಮದ್ದಳೆಯ ಅರ್ಥಧಾರಿಗಳಿದ್ದಾರೆ. ನಮ್ಮ ಮುಂಬಯಿಯಲ್ಲೇ ತಾಳಮದ್ದಳೆ ನಡೆದರೆ ರಾತ್ರಿಯೆಲ್ಲ ಕೂತು ಕೇಳುವ ಜನ ಇದ್ದಾರೆ. ವೇಷ ಇಲ್ಲ, ಕುಣಿತ ಇಲ್ಲ. ಬರೀ ಮಾತಿನಲ್ಲಿ ಕರ್ಣ ಬಂದು ಕೂರುತ್ತಾನೆ. ಗಮಕವೂ ಹಾಗೆಯೇ, ಒಬ್ಬರು ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಶ್ರಾವಣದಲ್ಲಿ ತಮ್ಮ ತಂದೆ ಗದುಗಿನ ಭಾರತ ಓದುತ್ತಿದ್ದುದನ್ನು ಕಾಕು ಈಗಲೂ ನೆನೆಯುತ್ತಾರೆ. ಕಿವಿಯಿಂದ ಕತೆ ಕೇಳುವುದು ಮೊಬೈಲಿನ ಜೊತೆ ಬಂದ ಅಭ್ಯಾಸವಲ್ಲ ನಮಗೆ.

ಈ ಆಡಿಯೊಬುಕ್ ಶುರುವಾದದ್ದೇ ಕಾಕುವಿನಂಥವರಿಗಾಗಿ. 1934ರ ಹೊತ್ತಿಗೆ ಅಮೆರಿಕದಲ್ಲಿ ಕಣ್ಣು ಕಾಣದವರಿಗೆ ಅಂತ ನಿಧಾನ ತಿರುಗುವ ಗ್ರಾಮಾಫೋನ್ ತಟ್ಟೆಗಳಲ್ಲಿ ಪುಸ್ತಕ ಓದಿಸಿ ಕೊಡಲು ಶುರು ಮಾಡಿದರು. ಮರುವರ್ಷ ಬ್ರಿಟನ್ನಿನಲ್ಲೂ ಬಂತು. ಸಂಗೀತ ಕೇಳುವ ಜನರಿಗೆ ಅಂಥದೇ ನಿಧಾನ ತಿರುಗುವ ಎಲ್‌ಪಿ ತಟ್ಟೆ ಅಂಗಡಿಯಲ್ಲಿ ಸಿಕ್ಕಿದ್ದು 1948ರಲ್ಲಿ. ಅಂದರೆ ಈ ಒಂದು ವಿಷಯದಲ್ಲಿ ಕಣ್ಣಿಲ್ಲದವರು ಎಲ್ಲರಿಗಿಂತ ಮುಂದಿದ್ದರು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಅಚ್ಚು ಓದಲಾಗದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಬಹುದು ಅಂತ 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದರು. ಅದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. ಇದನ್ನೆಲ್ಲ ಕಾಕುವಿಗೆ ಹೇಳಿದೆ. "ಹೌದ? ಹಂಗಾದ್ರ ಕನ್ನಡದಾಗ ಇಷ್ಟ ಯಾಕ ಕಮ್ಮಿ ಅವ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಪಕ್ಕದ ಮನೆಯ ಮರಾಠಿ ಅಜ್ಜಿಗೆ ಸಿಗುವಷ್ಟು ಪುಸ್ತಕ ನಮ್ಮ ಕಾಕುವಿಗೆ ಸಿಗುವುದಿಲ್ಲ ಎನ್ನುವುದು ಮಾತ್ರ ನನಗೆ ಪ್ರತಿ ಭಾನುವಾರ ಕಾಣುತ್ತದೆ.

ಈಗ ಇವು ತಯಾರಾಗುವುದು ಹೆಚ್ಚಾಗಿ ನನ್ನಂಥವರಿಗಾಗಿ. ರೈಲಿನಲ್ಲಿ ನಿಂತವರಿಗೆ, ಅಡುಗೆ ಮಾಡುತ್ತ ಕೇಳುವವರಿಗೆ. ಗಮನ ಅತ್ತಿತ್ತ ಹೋಗುತ್ತದೆ ಅಂತಲೇ ಪಿಟೀಲು, ಮಳೆ, ನಡುಕದ ದನಿ ಎಲ್ಲ ತುಂಬುತ್ತಾರೇನೋ. ಕಾಕು ಕೇಳುವಾಗ ಬೇರೆ ಏನೂ ಮಾಡುವುದಿಲ್ಲ. ಎರಡೂ ಕೈ ಮಡಿಲಲ್ಲಿ. ಫೋನು ಸ್ಟೀಲ್ ಡಬ್ಬಿಗೆ ಒರಗಿಸಿಟ್ಟಿರುತ್ತದೆ. ಮುಖ ಸ್ವಲ್ಪ ವಾರೆ ಮಾಡಿ ಕೂತಿರುತ್ತಾರೆ, ಹಾಗೆ ಕೂತರೆ ಫೋನಿನ ಆಕಾರವಾದರೂ ಕಾಣುತ್ತದಂತೆ. ಓದುವವರು ಇಂಥ ಒಬ್ಬರನ್ನು ಎದುರಿಗೆ ಕೂರಿಸಿಕೊಂಡ ಹಾಗೆ ಓದಿದರೆ ರೈಲಿನಲ್ಲಿರುವ ನನಗೂ ಸಾಕು. ಖಂಡಿತ ಸಾಕು.

ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಪ್ಪುವುದಿಲ್ಲ. ಲೇಖಕರು ತಮ್ಮ ಕತೆಯನ್ನು ತಾವೇ ಓದಬೇಕು ಅನ್ನುವುದು ನನ್ನ ವಾದ. ದನಿ ಒರಟಿದ್ದರೂ ಪರವಾಗಿಲ್ಲ, ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಕಾಕು ತಲೆ ಅಲ್ಲಾಡಿಸುತ್ತಾರೆ. ಬರೆದವರಿಗೆ ಕತೆ ಬಾಯಿಪಾಠ ಆಗಿರುತ್ತದೆ, ಅದಕ್ಕೆ ಓಡಿಸಿಕೊಂಡು ಹೋಗುತ್ತಾರೆ, ಮೊದಲ ಸಲ ಕೇಳುವವರ ನೆನಪು ಅವರಿಗೆ ಇರುವುದಿಲ್ಲ ಅನ್ನುತ್ತಾರೆ. ನಾನು ಬಿಡುವವಳಲ್ಲ. ಲೇಖಕಿಯೊಬ್ಬರು ತಾವೇ ಓದಿದ ಒಂದು ಕತೆ ಸಿಕ್ಕಿದೆ. ಪಿಟೀಲಿಲ್ಲ, ಮಳೆಯಿಲ್ಲ, ನಡುವೆ ಒಂದು ಕಡೆ ಅವರು ಕೆಮ್ಮಿದ್ದೂ ಹಾಗೇ ಉಳಿದಿದೆ. ಈ ಭಾನುವಾರ ಅದನ್ನೇ ಹಚ್ಚುತ್ತೇನೆ.