ಕಾಕಾನ ಬುಲೆಟ್: ಬ್ರೇಕ್ ಮೊದಲು, ಬಣ್ಣ ಆಮೇಲೆ

ಗಾಡಿ ಓಡುತ್ತಿದೆ. ಚಂದ ಏನೂ ಕಾಣುತ್ತಿಲ್ಲ. ಟ್ಯಾಂಕಿನ ಮೇಲೆ ಹಳೇ ಗೀರುಗಳು ಹಾಗೇ ಇವೆ, ಮಡ್‌ಗಾರ್ಡಿನ ಅಂಚಿಗೆ ತುಕ್ಕು, ಸೀಟಿನ ರೆಕ್ಸಿನ್ ಹರಿದಿದೆ. ಓಣಿಯಲ್ಲಿ ನೋಡಿದವರೆಲ್ಲ ಕೇಳುವುದು ಒಂದೇ, ಇನ್ನೂ ಪೇಂಟ್ ಮಾಡಿಸಿಲ್ವಾ ಅಂತ. ಮಾಡಿಸಿಲ್ಲ. ಕಲಬುರಗಿಯಿಂದ ಬೀದರಿಗೆ ಹೋಗಿ ಅದೇ ಗಾಡಿಯ ಮೇಲೆ ವಾಪಸ್ ಬರುವ ತನಕ ಬಣ್ಣಕ್ಕೆ ಒಂದು ರೂಪಾಯಿಯನ್ನೂ ಹಾಕಬಾರದು ಅಂತ ಶುರುವಿನಲ್ಲೇ ತೀರ್ಮಾನ ಮಾಡಿದ್ದೆ. ನಮ್ಮ ಕಡೆ ಹಳೇ ಬುಲೆಟ್ ರೆಡಿ ಮಾಡೋದು ಅಂದರೆ ಮೊದಲು ಕಪ್ಪು ಬಣ್ಣ, ಆಮೇಲೆ ಕ್ರೋಮ್, ಆಮೇಲೆ ಸೈಲೆನ್ಸರ್ ಬದಲಿಸಿ ರಾತ್ರಿ ಹತ್ತಕ್ಕೆ ಇಡೀ ಓಣಿಯನ್ನು ಎಬ್ಬಿಸೋದು. ಬ್ರೇಕ್ ಹಿಡಿಯುತ್ತದೋ ಇಲ್ಲವೋ ಅನ್ನೋದು ಕೊನೆಯ ಮಾತು. ಅಂಥ ಗಾಡಿ ನನಗೆ ಬೇಡ. ಇದು ದೂರದ ದಾರಿಗೆ ಹುಟ್ಟಿದ ಗಾಡಿ, ದೂರವೇ ಹೋಗಬೇಕು.

ಗಾಡಿ 1996ರ ಸ್ಟ್ಯಾಂಡರ್ಡ್ 350, ಕೆಎ 32 ನಂಬರು. 346 ಸಿಸಿಯ ಹಳೇ ಕಾಸ್ಟ್ ಐರನ್ ಎಂಜಿನ್, ನಾಲ್ಕು ಗೇರ್. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಒಂದನೇ ಗೇರ್ ಮೇಲಕ್ಕೆ, ಉಳಿದ ಮೂರೂ ಕೆಳಕ್ಕೆ. ಈಗಿನ ಗಾಡಿ ಓಡಿಸಿದವರು ಹತ್ತಿದರೆ ಬ್ರೇಕ್ ಅಂತ ಗೇರ್ ಒತ್ತುತ್ತಾರೆ, ಅದಕ್ಕೇ ಯಾರಿಗೂ ಸುಮ್ನೆ ಒಂದು ರೌಂಡ್ ಅಂತ ಕೀಲಿ ಕೊಡುವುದಿಲ್ಲ. ನಮ್ಮ ಕಾಕಾ ಇದರ ಮೇಲೆ ಶ್ರೀಶೈಲ, ಪಂಢರಪುರ, ಗೋವಾ ಎಲ್ಲ ಸುತ್ತಿದವರು. ಹಿಂದೆ ಆಂಗಲ್ ಕಬ್ಬಿಣದ ಕ್ಯಾರಿಯರ್, ಅದರ ಮೇಲೊಂದು ಟ್ರಂಕು. ಮೊಣಕಾಲು ನೋವು ಬಂದ ಮೇಲೆ ಕಿಕ್ ಹೊಡೆಯೋದು ಬಿಟ್ಟರು. ಗಾಡಿ ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ವರ್ಷಗಟ್ಟಲೆ ನಿಂತಿತು. ದೀಪಾವಳಿ ಆದ ಮೇಲೆ ನಾನು ಅದನ್ನು ಟಂಟಂನಲ್ಲಿ ಹಾಕಿಕೊಂಡು ಮನೆಗೆ ತಂದೆ.

ಮೊದಲ ಕೆಲಸ ಟ್ಯಾಂಕ್. ಒಳಗಿದ್ದ ಪೆಟ್ರೋಲ್ ಬೆಲ್ಲದ ಪಾಕದ ಹಾಗೆ ಆಗಿತ್ತು, ವಾಸನೆ ಮಾತ್ರ ವಾರ್ನಿಶ್‌ದು. ತಳದಲ್ಲಿ ಕೆಂಪು ತುಕ್ಕಿನ ಪುಡಿ. ಹಿಡಿ ತುಂಬ ಹಳೇ ನಟ್ಟು ಬೋಲ್ಟು, ಸ್ವಲ್ಪ ಡೀಸೆಲ್ ಹಾಕಿ ಟ್ಯಾಂಕನ್ನು ಕೈ ಸೋಲುವ ತನಕ ಅಲ್ಲಾಡಿಸಿದೆ, ಹೊಲಸು ನೀರಿನಂಥದ್ದು ಬರುವುದು ನಿಂತ ಮೇಲೆ ತೊಳೆದು ಬಿಸಿಲಿಗಿಟ್ಟೆ. ಕಲಬುರಗಿ ಬಿಸಿಲು ಇಂಥ ಕೆಲಸಕ್ಕಾದರೂ ಉಪಯೋಗಕ್ಕೆ ಬಂತು. ಪೆಟ್ರೋಲ್ ಕಾಕ್ ಹೊಸದು, ಪೈಪ್ ಹೊಸದು. ಪೈಪಿನ ವಿಷಯ ಸಣ್ಣದು ಅನ್ನಿಸುತ್ತದೆ, ಅಲ್ಲ. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಈ ಗಾಡಿ ಬಂದ ಕಾಲಕ್ಕೆ ಅದು ಇರಲಿಲ್ಲ. ಹಳೇ ರಬ್ಬರ್ ಎಥನಾಲಿಗೆ ಮೆತ್ತಗಾಗಿ ಒಡೆಯುತ್ತದೆ, ಕಾರ್ಬುರೇಟರಿನ ವಾಷರ್ ಉಬ್ಬುತ್ತದೆ. ಮೇಲಿಂದ ಎಥನಾಲ್ ಗಾಳಿಯಲ್ಲಿನ ನೀರು ಎಳೆದುಕೊಳ್ಳುತ್ತದೆ, ಹಾಗಾಗಿ ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿಗೆ ಮತ್ತೆ ತುಕ್ಕು. ಪೆಟ್ರೋಲ್ ಪೈಪು ಇರುವುದು ಬಿಸಿ ಎಂಜಿನ್ ಮೇಲೆಯೇ, ಅಲ್ವಾ. ಅಲ್ಲಿ ಉಳಿತಾಯ ಮಾಡಬಾರದು.

ಇನ್ನು ಎಂಜಿನ್. ಕೈ ಕೆರೆಯುತ್ತಿತ್ತು, ಯಾವಾಗ ಕಿಕ್ ಹೊಡೀತೀನೋ ಅಂತ. ಸ್ಟೇಷನ್ ಬಜಾರ್ ಕಡೆ ಹಳೇ ಬುಲೆಟ್ಟುಗಳನ್ನೇ ನೋಡುತ್ತ ಬಂದಿರುವ ಒಬ್ಬರು ಉಸ್ತಾದ್ ಇದ್ದಾರೆ, ಅವರು ಮೊದಲ ದಿನವೇ ಹೇಳಿದರು: "ಸರ, ಮೊದ್ಲ ಎಣ್ಣಿ ಇಳಸ್ರಿ, ಆಮ್ಯಾಲ ಕಿಕ್ ಮಾತು." ಇದಕ್ಕೆ ಕಾರಣ ಇದೆ. ಈ ಎಂಜಿನ್ನಿನಲ್ಲಿ ಆಯಿಲ್ ಟ್ಯಾಂಕ್ ಬೇರೆ, ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಜಾಗ ಬೇರೆ, ಎರಡೂ ಒಂದೇ ಕೇಸಿನೊಳಗೆ. ಪಂಪ್ ಆಯಿಲನ್ನು ಅಲ್ಲಿಂದ ಇಲ್ಲಿಗೆ ಒಯ್ದು ಮತ್ತೆ ವಾಪಸ್ ಕಳಿಸುತ್ತದೆ. ಗಾಡಿ ಬಹಳ ದಿನ ನಿಂತರೆ ಆಯಿಲ್ ಪಂಪಿನ ಸಂದಿಯಿಂದ ಮೆಲ್ಲಗೆ ಇಳಿದು ಕ್ರ್ಯಾಂಕಿನ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಆ ಎಣ್ಣೆಯೆಲ್ಲ ಎಂಜಿನ್ ಗಾಳಿ ಬಿಡುವ ಬ್ರೀದರ್ ಪೈಪಿನಿಂದ ಹೊರಗೆ ಚಿಮ್ಮುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ನೋಡಿದವರು ಪಿಸ್ಟನ್ ಹೋಯ್ತು ಅಂತ ಸಿಲಿಂಡರ್ ಬೋರ್ ಮಾಡಿಸಲು ಕಳಿಸುತ್ತಾರೆ. ಕೆಳಗಿನ ಎರಡೂ ಬೋಲ್ಟ್ ಬಿಚ್ಚಿದೆ. ಬಂದದ್ದು ಡಾಂಬರಿನ ಬಣ್ಣ. ಬೆರಳಿಗೆ ಉಜ್ಜಿ ನೋಡಿದೆ, ಹೊಳೆಯುವ ಪುಡಿ ಇತ್ತು, ಆದರೆ ಚೂರು ಗೀರು ಇರಲಿಲ್ಲ. ಫಿಲ್ಟರ್ ಬದಲಿಸಿ 20ಡಬ್ಲ್ಯೂ-50 ಆಯಿಲ್ ಹಾಕಿದೆ, ಎರಡೂ ಕಾಲು ಲೀಟರಿನಷ್ಟು ಹಿಡಿಯುತ್ತದೆ.

ಪ್ಲಗ್ ಬಿಚ್ಚಿ ಆ ತೂತಿನಿಂದ ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಕೈಯಿಂದ ಕಿಕ್ ಒತ್ತಿದರೆ ಪಿಸ್ಟನ್ ಸಲೀಸಾಗಿ ಸರಿಯಿತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ, ಇದೆ. ಸಿಲಿಂಡರ್ ಬಿಚ್ಚಲಿಲ್ಲ. ಅನೇಕರು ಬಿಚ್ಚು, ಹೊಸ ಪಿಸ್ಟನ್ ಹಾಕು ಅಂದರು. ಸರಿಯಾಗಿ ಕೂತಿರುವ ರಿಂಗನ್ನು ಸುಮ್ನೆ ಕೆದಕಿ ಎಬ್ಬಿಸುವುದು ನನಗೆ ಒಪ್ಪಿಗೆ ಇಲ್ಲ. ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗದ ಸಂದು, ಮಾತ್ರ ಹೊಂದಿಸಿದೆ: ಎಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲೆ ಬಂದಿರಬೇಕು, ಆಗ ವಾಲ್ವ್ ಎತ್ತುವ ಕಡ್ಡಿ, ಅಂದರೆ ಪುಶ್‌ರಾಡ್ ಎರಡು ಬೆರಳಿನಲ್ಲಿ ಹಗುರವಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಅಷ್ಟೇ, ಗೇಜ್ ಕೂಡ ಬೇಡ.

ಪ್ಲಗ್ಗಿಗೆ ಸರಿಯಾದ ಹೊತ್ತಿಗೆ ಕಿಡಿ ಕೊಡಿಸುವ ಪಾಯಿಂಟಿಗೆ ಗೇಜ್ ಬೇಕು. ಕಾಂಟ್ಯಾಕ್ಟ್ ಪಾಯಿಂಟಿನ ತುದಿ ಕಪ್ಪಾಗಿ ಗುಂಡಿ ಬಿದ್ದಿತ್ತು. ಹೊಸ ಪಾಯಿಂಟ್, ಅದು ಸುಡದಂತೆ ಕಾಯುವ ಹೊಸ ಕಂಡೆನ್ಸರ್, ಸಂದು 0.35ರಿಂದ 0.40 ಮಿಲಿಮೀಟರ್. ಕಂಡೆನ್ಸರ್ ವಿಷಯದಲ್ಲಿ ಹುಷಾರು. ಅಗ್ಗದ್ದು ತಂದರೆ ತಣ್ಣಗಿದ್ದಾಗ ಸರಿ ಇರುತ್ತದೆ, ಬಿಸಿಯಾದ ಮೇಲೆ ಕೈ ಕೊಡುತ್ತದೆ, ಆಗ ನೀವು ಕಾರ್ಬುರೇಟರ್ ಬಿಚ್ಚುತ್ತ ಕೂತಿರುತ್ತೀರಿ. ಇಲ್ಲಿ ಒಳ್ಳೆಯದು ಸಿಗಲಿಲ್ಲ, ಹೈದರಾಬಾದಿಗೆ ಹೊರಟಿದ್ದ ಗೆಳೆಯನಿಗೆ ಹೇಳಿ ತರಿಸಿದೆ. ಟ್ಯಾಂಕ್ ಕವರಿನಲ್ಲಿ ಒಂದು ಎಕ್ಸ್‌ಟ್ರಾ ಇರುತ್ತದೆ.

ಜನವರಿಯಲ್ಲಿ ಮೊದಲ ಕಿಕ್. ಕಾಕಾನನ್ನು ಕರೆದುಕೊಂಡು ಬಂದು ಕುರ್ಚಿ ಹಾಕಿ ಕೂರಿಸಿದೆ. ಕಿಕ್ ಹೊಡೆಯುವ ರೀತಿ ಅವರು ಹೇಳಿಕೊಟ್ಟದ್ದು, ಅದನ್ನಿಲ್ಲಿ ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಬುಲೆಟ್ ಸ್ಟಾರ್ಟ್ ಆಗಲ್ಲ ಅನ್ನುವವರಲ್ಲಿ ಅರ್ಧ ಜನ ಇದನ್ನು ಬಿಟ್ಟಿರುತ್ತಾರೆ. ಕೀಲಿ ಆನ್ ಮಾಡಿ ಕಿಕ್ ಮೆಲ್ಲಗೆ ಒತ್ತುತ್ತ ಹೋಗಬೇಕು, ಕಣ್ಣು ಹೆಡ್‌ಲೈಟಿನ ಮೇಲಿನ ಆಂಪಿಯರ್ ಮೀಟರಿನ ಮೇಲೆ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ಕರೆಂಟ್ ಎಳೆಯುತ್ತದೆ, ಮುಳ್ಳು ಎಡಕ್ಕೆ ಸರಿಯುತ್ತದೆ. ಪಾಯಿಂಟ್ ತೆರೆದ ಕ್ಷಣ ಮುಳ್ಳು ಮಧ್ಯಕ್ಕೆ ವಾಪಸ್. ಕಾಲಿಗೆ ಗಟ್ಟಿ ಹತ್ತಿ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಪಿಸ್ಟನ್ ಕಂಪ್ರೆಷನ್ನಿನ ತುದಿಗೆ ಬಂದಿದೆ. ಅಲ್ಲಿ ನಿಲ್ಲಿಸಿ ಸಿಲಿಂಡರಿನ ಒತ್ತಡ ಬಿಡುವ ಎಡಗೈಯ ಸಣ್ಣ ಡಿಕಂಪ್ರೆಸರ್ ಲಿವರ್ ಒತ್ತಿ, ಕಿಕ್ಕನ್ನು ಇನ್ನೊಂಚೂರು ಇಳಿಸಿ, ಲಿವರ್ ಬಿಟ್ಟು, ಕಿಕ್ಕನ್ನು ಪೂರ್ತಿ ಮೇಲೆ ಬರಗೊಟ್ಟು, ಆಮೇಲೆ ಒಂದೇ ಉದ್ದನೆಯ ಕಿಕ್. ಜೋರು ಬೇಡ, ಪೂರ್ತಿ ಹೋಗಬೇಕು. ಅರ್ಧಕ್ಕೆ ನಿಲ್ಲಿಸಿದರೆ ಅಥವಾ ಕಿಡಿ ಹತ್ತುವ ಟೈಮಿಂಗ್ ಮುಂದಿದ್ದರೆ ಕಿಕ್ ತಿರುಗಿ ಹೊಡೆಯುತ್ತದೆ, ಪಾದದ ಕೀಲು ತಪ್ಪಿಸಿಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ.

ಕಾಕಾ ಕುರ್ಚಿಯಿಂದಲೇ ಅಂದರು: "ಎರಡ್ ಕಿಕ್ಕಿನ ಗಾಡಿ ಅದು ತಮ್ಮಾ. ಮೂರನೇದು ಹೊಡಿಬೇಕಾಯ್ತಂದ್ರ ತಪ್ಪು ಗಾಡೀದಲ್ಲ." ಮೊದಲು ಒಂದು ಕೆಮ್ಮು, ಆಮೇಲೆ ಹಿಡಿಯಿತು. ಕೂಡಲೇ ಮೇಲೆ ವಾಲ್ವ್ ಒತ್ತುವ ರಾಕರಿಗೆ ಹೋಗುವ ಆಯಿಲ್ ಪೈಪಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿ ಎಣ್ಣೆ ಬರುತ್ತಿದೆಯಾ ನೋಡಿದೆ. ಬಂತು. ಅದನ್ನು ನೋಡುವ ತನಕ ಆ್ಯಕ್ಸಿಲೇಟರ್ ಮುಟ್ಟಿರಲಿಲ್ಲ. ಅವ್ವ ಅಡುಗೆಮನೆಯಿಂದ ಬಂದು ನೋಡಿ, "ಇದಕ್ಕ ಹಾಕಿದ ರೊಕ್ಕದಾಗ ಹೊಸಾದೇ ಬರ್ತಿತ್ತು" ಅಂದು ಒಳಗೆ ಹೋದಳು. ಬರುತ್ತಿರಲಿಲ್ಲ, ಆದರೆ ಆ ಲೆಕ್ಕ ಬಿಡಿಸಿ ಹೇಳುವುದು ನನಗೇ ನಷ್ಟ.

ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿದ್ದವು, ಬಿಚ್ಚಿ ಉಜ್ಜಿ ಹಾಕಿದ ಮೇಲೆ ಸರಿ. ವೈರಿಂಗ್ ಇಲಿ ತಿಂದಿತ್ತು, ಪೂರ್ತಿ ಹೊಸ ಹಾರ್ನೆಸ್ ಎಳೆಸಿದೆ, ತುಂಡು ತುಂಡು ಜೋಡಿಸುವ ಗೋಜಿಗೆ ಹೋಗಲಿಲ್ಲ.

ಹೆಚ್ಚು ರೊಕ್ಕ ಹೋದದ್ದು ಬ್ರೇಕಿಗೆ ಮತ್ತು ಟೈರಿಗೆ. ಎರಡೂ ಕಡೆ ಡ್ರಮ್. ಬ್ರೇಕ್ ಶೂ ಮೇಲಿನ ಲೈನರ್ ಇನ್ನೂ ಉಳಿದಿತ್ತು, ಆದರೆ ಗಾಜಿನಂತೆ ಹೊಳಪು ಬಂದಿತ್ತು, ಅಂಥ ಲೈನರ್ ಡ್ರಮ್ಮಿನ ಮೇಲೆ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಹೊಸ ಶೂ, ಹೊಸ ಕೇಬಲ್, ಡ್ರಮ್ಮಿಗೆ ಲೇತಿನಲ್ಲಿ ಒಂದು ಸಣ್ಣ ಕಟ್. ಟೈರಿನ ಗುಂಡಿ ನೋಡಿದರೆ ಇನ್ನೂ ಹೊಸದು ಅನ್ನಿಸುತ್ತಿತ್ತು. ಅದನ್ನು ನಂಬಬಾರದು. ಟೈರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3408 ಅಂದರೆ 2008ರ 34ನೇ ವಾರ ತಯಾರಾದದ್ದು. ಆ ರಬ್ಬರ್ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿತ್ತು. ಹಳೇ ಗಾಡಿ ಕೊಳ್ಳುವವರು ಬೇರೇನೂ ನೋಡದಿದ್ದರೂ ಈ ನಾಲ್ಕು ಅಂಕಿ ನೋಡಿ. ಸೈಜ್ 3.25-19, ಟ್ಯೂಬ್ ಕೂಡ ಹೊಸದು.

ಕಾಗದದ ಕೆಲಸ. ಖಾಸಗಿ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನವೀಕರಣದ ಅರ್ಜಿ ಫಾರಂ 25, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್, ಹಸಿರು ತೆರಿಗೆ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು. ಗಾಡಿಯನ್ನು ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಬೇಕು. ಹಾರ್ನ್, ಬ್ರೇಕ್ ಲೈಟ್, ಇಂಡಿಕೇಟರ್, ಎಂಜಿನ್ ನಂಬರ್ ನೋಡಿದರು. ಕಂಪನಿ ಸೈಲೆನ್ಸರ್ ಹಾಗೇ ಉಳಿಸಿಕೊಂಡದ್ದು ಅಲ್ಲಿ ಕೆಲಸಕ್ಕೆ ಬಂತು. ಹಳೇ ಬಣ್ಣವೂ ಆರ್‌ಸಿಯಲ್ಲಿ ಬರೆದಿರುವ ಬಣ್ಣವೇ, ಆ ತಕರಾರೂ ಬರಲಿಲ್ಲ.

ಮೊದಲು ರಿಂಗ್ ರೋಡ್, ಆಮೇಲೆ ಕಮಲಾಪುರದ ತನಕ. ಹುಮನಾಬಾದ್ ರೋಡಿನಲ್ಲಿ ಅರವತ್ತರ ವೇಗದಲ್ಲಿ ಹೋಗುವಾಗ ಕ್ಲಚ್ ಹಿಡಿದು ಕೀಲಿ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ತುದಿ ತಿಳಿ ಕಂದು ಇರಬೇಕು, ಇದು ಬೆಳ್ಳಗಿತ್ತು. ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನ ಹಳೇ ಜೆಟ್ಟು, ಅಂದರೆ ಪೆಟ್ರೋಲ್ ಬಿಡುವ ತೂತು, ಈಗಿನ ಪೆಟ್ರೋಲಿಗೆ ಸಾಲದು. ಕಲಬುರಗಿ ಬೇಸಿಗೆಯಲ್ಲಿ ಗಾಳಿಯಿಂದ ಮಾತ್ರ ತಣ್ಣಗಾಗುವ ಎಂಜಿನ್ನಿಗೆ ಇದು ಒಳ್ಳೆಯದಲ್ಲ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಒಂದು ಸೈಜ್ ದೊಡ್ಡ ಮೇನ್ ಜೆಟ್ ಜೇಬಿನಲ್ಲೇ ಇತ್ತು, ಮರದ ನೆರಳಲ್ಲಿ ಬದಲಿಸಿದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಿಂದು ವಾಪಸ್ ಬರುವಾಗ ನೋಡಿದರೆ ಪ್ಲಗ್ ಬಣ್ಣ ಸರಿ ಬಂದಿತ್ತು. ನಂಬರ್ ಪ್ಲೇಟಿನ ಒಂದು ಬೋಲ್ಟ್ ಮಾತ್ರ ದಾರಿಯಲ್ಲಿ ಬಿದ್ದುಹೋಗಿತ್ತು. ಈ ಎಂಜಿನ್ನಿನ ನಡುಕಕ್ಕೆ ಸಾದಾ ನಟ್ ನಿಲ್ಲುವುದಿಲ್ಲ, ಈಗ ಎಲ್ಲ ಕಡೆ ನೈಲಾನ್ ನಟ್.

ಶರಣಬಸವೇಶ್ವರ ಜಾತ್ರೆಯ ಗದ್ದಲ ಮುಗಿದ ಮೇಲೆ ಬೀದರ್. ಬೆಳಗಿನ ಜಾವ ಹೊರಟೆ. ನೂರಾ ಹತ್ತು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ದಾರಿ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 650 ದಾಟುತ್ತದೆ, ಹಾಗಾಗಿ ಒಟ್ಟಾರೆ ಇದು ಏರುವ ದಾರಿ. ಕಪ್ಪು ಎರೆಭೂಮಿ ಬಿಟ್ಟು ಬೀದರಿನ ಕೆಂಪು ಮಣ್ಣು ಬರುವ ಹೊತ್ತಿಗೆ ಗಾಳಿಯೂ ಒಂಚೂರು ತಂಪಾಗುತ್ತದೆ. ನಾಲ್ಕನೇ ಗೇರಿನಲ್ಲೇ ಏರಿತು, ಒಂದೆರಡು ಕಡೆ ಲಾರಿ ಹಿಂದೆ ಸಿಕ್ಕಾಗ ಮಾತ್ರ ಮೂರಕ್ಕೆ ಇಳಿಸಿದೆ. ಹುಮನಾಬಾದಿನಲ್ಲಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಸಿಗುವ ಕಡೆ ಚಹಾ ಕುಡಿದು ಟ್ಯಾಪೆಟ್ ಶಬ್ದ ಕೇಳಿಸಿಕೊಂಡೆ, ಆಯಿಲ್ ಕಡ್ಡಿ ತೆಗೆದು ನೋಡಿದೆ, ಚೈನ್ ಮುಟ್ಟಿ ನೋಡಿದೆ. ಬ್ರೇಕಿನ ಪರೀಕ್ಷೆ ಹಳ್ಳಿಖೇಡದ ಹತ್ತಿರ ತಾನಾಗಿಯೇ ಆಯಿತು. ಎಮ್ಮೆಗಳ ಹಿಂಡು ರಸ್ತೆಗೆ ಬಂತು, ಗಾಡಿ ನೇರವಾಗಿ ನಿಂತಿತು, ಹಿಂದಿನ ಚಕ್ರ ಜಾರಲಿಲ್ಲ. ಆ ಲೈನರಿಗೆ ಕೊಟ್ಟ ರೊಕ್ಕ ಅಲ್ಲೇ ವಸೂಲಾಯಿತು.

ಬೀದರಿನಲ್ಲಿ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಊಟ, ಬಿಸಿಲು ಇಳಿಯುವ ತನಕ ಕೋಟೆಯ ಕಡೆ ನೆರಳು. ಗಾಡಿ ನೋಡಿ ಇಬ್ಬರು ಹಿರಿಯರು ಮಾತಿಗೆ ನಿಂತರು, ಒಬ್ಬರು ಒಂದೇ ಒತ್ತಿಗೆ ಗಾಡಿಯನ್ನು ನ್ಯೂಟ್ರಲಿಗೆ ತರುವ ಲಿವರ್, ನ್ಯೂಟ್ರಲ್ ಫೈಂಡರ್, ಇನ್ನೂ ಕೆಲಸ ಮಾಡುತ್ತದಾ ಅಂತ ಕೇಳಿ ತಾವೇ ಹಿಮ್ಮಡಿಯಿಂದ ಒತ್ತಿ ನೋಡಿದರು. ಮಾಡುತ್ತದೆ, ಒಂದನೇ ಗೇರ್ ಬಿಟ್ಟು ಉಳಿದ ಯಾವುದರಿಂದಾದರೂ. ಸಂಜೆ ಹೊರಟು ರಾತ್ರಿ ಊಟಕ್ಕೆ ಮನೆ ಮುಟ್ಟಿದೆ.

ಸಮಸ್ಯೆ ಎರಡು ಉಳಿದಿವೆ. ಹೆಡ್‌ಲೈಟ್ ಹಾಕಿಕೊಂಡು ನಿಧಾನ ಹೋದರೆ ಆಂಪಿಯರ್ ಮುಳ್ಳು ಎಡಕ್ಕೇ ಇರುತ್ತದೆ, ಚಾರ್ಜಿಂಗ್ ನೋಡಬೇಕು. ಮುಂದಿನ ಬಲಗಡೆ ಫೋರ್ಕಿನಿಂದ ಎಣ್ಣೆ ಜಿನುಗುತ್ತಿದೆ, ಅದು ಇಳಿದು ಬ್ರೇಕ್ ಡ್ರಮ್ಮಿಗೆ ಹೋಗುವ ಮೊದಲು ಸೀಲ್ ಬದಲಿಸಬೇಕು. ಸೀಲು ಸೊಲ್ಲಾಪುರದಲ್ಲಿದೆ ಅಂತ ಉಸ್ತಾದ್ ಹೇಳಿದ್ದಾರೆ, ಭಾನುವಾರ ರೈಲಿಗೆ ಹೋಗಿ ತರುತ್ತೇನೆ. ಅವೆರಡೂ ಆದರೆ ಮಳೆಗಾಲಕ್ಕೆ ಮುಂಚೆ ಯಾದಗಿರಿ ಮೇಲೆ ಸುರಪುರ, ಆಮೇಲೆ ಕಾಕಾನನ್ನು ಹಿಂದೆ ಕೂರಿಸಿಕೊಂಡು ಶ್ರೀಶೈಲ. ಹಿಂದಿನ ಸೀಟಿಗೆ ಒಳ್ಳೆ ಸ್ಪಂಜ್ ಹಾಕಿಸು ಅಂತ ಈಗಲೇ ಆರ್ಡರ್ ಬಂದಿದೆ.